ಬೆಡ್ ಪಕ್ಕದ ಅಲ್ಟ್ರಾಸೌಂಡ್: ಕೋರ್ಸ್ ಮುಗಿಸಿದೆ, ಆದರೆ ಒಬ್ಬಳೇ ಇದ್ದಾಗ ಏನೂ ಕಾಣುತ್ತಿಲ್ಲ. ನೀವೆಲ್ಲ ಹೇಗೆ ಕಲಿತಿರಿ?

ಎರಡನೇ ವರ್ಷದ ಪಿಜಿ

ಎಲ್ಲರಿಗೂ ನಮಸ್ಕಾರ. ನಾನು ಜನರಲ್ ಮೆಡಿಸಿನ್ ಪಿಜಿ. ಆರು ತಿಂಗಳ ಹಿಂದೆ ಎರಡು ದಿನದ ಅಲ್ಟ್ರಾಸೌಂಡ್ ಕೋರ್ಸ್ ಮಾಡಿದೆ. ಅಲ್ಲಿ ಎಲ್ಲವೂ ಚೆನ್ನಾಗಿ ಬಂತು. ಮಾಡೆಲ್ ಆಗಿ ಮಲಗಿದ್ದವರು ತೆಳ್ಳಗಿನ, ಆರೋಗ್ಯವಾಗಿದ್ದ ಹುಡುಗರು. ಉಸಿರು ಹಿಡಿಯಿರಿ ಅಂದರೆ ಹಿಡಿಯುತ್ತಿದ್ದರು, ಎಡಕ್ಕೆ ತಿರುಗಿ ಅಂದರೆ ತಿರುಗುತ್ತಿದ್ದರು. ಪ್ರೋಬ್ (ಮೈಮೇಲೆ ಇಟ್ಟು ನೋಡುವ ಹಿಡಿಕೆ) ಇಟ್ಟ ಕೂಡಲೇ ಹೃದಯದ ನಾಲ್ಕೂ ಕೋಣೆ ಕಾಣಿಸುತ್ತಿದ್ದವು. ಇದು ನನಗೆ ಬಂತು ಅಂದುಕೊಂಡೇ ಮನೆಗೆ ಬಂದೆ.

ಹೋದ ವಾರ ರಾತ್ರಿ ಡ್ಯೂಟಿಯಲ್ಲಿ ಎಪ್ಪತ್ತರ ಹತ್ತಿರದ ಒಬ್ಬರು ಬಂದರು. ಉಸಿರಾಡಲು ತುಂಬಾ ಕಷ್ಟ. ಮಲಗಲು ಆಗುತ್ತಿಲ್ಲ, ಮುಂದಕ್ಕೆ ಬಾಗಿ ಕೂತೇ ಇದ್ದರು. ವರ್ಷಗಟ್ಟಲೆ ಸಿಗರೇಟ್ ಸೇದಿದವರು, ಜೊತೆಗೆ ಹಳೆಯ ಹೃದಯದ ಕಾಯಿಲೆ. ಸ್ಟೆತ್ ಇಟ್ಟರೆ ಎದೆ ತುಂಬಾ ವೀಜ್, ಅಂದರೆ ಸಿಳ್ಳೆಯಂಥ ಶಬ್ದ. ಇದು ಶ್ವಾಸನಾಳದ ತೊಂದರೆಯೋ, ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿದೆಯೋ? ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ. ನಾನು ಮೆಷಿನ್ ತಂದು ಹೃದಯ ನೋಡಲು ಹೊರಟೆ. ಐದು ನಿಮಿಷ ತಡಕಾಡಿದೆ. ಸ್ಕ್ರೀನ್ ತುಂಬಾ ಬೂದು ಬಣ್ಣ ಬಿಟ್ಟು ಬೇರೇನೂ ಇಲ್ಲ. ಕೈ ನಡುಗಲು ಶುರುವಾಯಿತು. ಮೆಷಿನ್ ಪಕ್ಕಕ್ಕಿಟ್ಟು ಸೀನಿಯರ್‌ಗೆ ಫೋನ್ ಮಾಡಿದೆ.

ಅವರು ಬಂದು ಪ್ರೋಬನ್ನು ಎದೆಯ ಮುಂಭಾಗದಲ್ಲಿ ಎರಡೂ ಕಡೆ ಇಟ್ಟು ನೋಡಿದರು. ಒಂದು ನಿಮಿಷವೂ ಆಗಿರಲಿಲ್ಲ, "ಎರಡೂ ಕಡೆ ಬಿ ಲೈನ್, ನೀರು ಇದೆ" ಅಂದರು. ಚಿಕಿತ್ಸೆ ಶುರುವಾಯಿತು. ಬೆಳಗ್ಗೆ ಹೊತ್ತಿಗೆ ಆ ಹಿರಿಯರು ಒರಗಿ ಮಲಗಿದ್ದರು.

ಅವರು ಹುಷಾರಾದದ್ದು ಖುಷಿ. ಆದರೆ ಅದೇ ಮೆಷಿನ್, ಅದೇ ರೋಗಿ, ನನಗೆ ಯಾಕೆ ಏನೂ ಸಿಗಲಿಲ್ಲ? ಎಷ್ಟು ಸ್ಕ್ಯಾನ್ ಮಾಡಿದ ಮೇಲೆ ನಿಮಗೆ ಧೈರ್ಯ ಬಂತು? ಎಲ್ಲಿಂದ ಶುರು ಮಾಡಬೇಕು?

ತುರ್ತು ವಿಭಾಗದ ಡಾಕ್ಟರ್

ನಿಮ್ಮ ಕೈ ಅಷ್ಟೇನೂ ಕೆಟ್ಟಿರಲಿಲ್ಲ ಅನ್ನಿಸುತ್ತದೆ. ಕೇಳಿದ ಪ್ರಶ್ನೆ ಸರಿ ಇರಲಿಲ್ಲ. ನೀವು "ಹೃದಯ ಹೇಗಿದೆ" ಅಂತ ಕೇಳಿಕೊಂಡು ಪ್ರೋಬ್ ಇಟ್ಟಿರಿ. ಅದಕ್ಕೆ ನೂರು ಉತ್ತರ. ನಿಮ್ಮ ಸೀನಿಯರ್ ಕೇಳಿದ್ದು "ಶ್ವಾಸಕೋಶದಲ್ಲಿ ನೀರು ಇದೆಯಾ, ಇಲ್ವಾ". ಅದಕ್ಕೆ ಎರಡೇ ಉತ್ತರ. ಹೌದು ಅಥವಾ ಇಲ್ಲ ಅಂತ ಹೇಳಬಹುದಾದ ಪ್ರಶ್ನೆ ಸಿಗುವ ತನಕ ನಾನು ಜೆಲ್ ಬಾಟಲಿಯನ್ನೇ ಮುಟ್ಟುವುದಿಲ್ಲ. ಹೊಸಬರಿಗೆ ನಾನು ಹೇಳಿಕೊಡುವ ಮೊದಲ ಪಾಠ ಇದೇ.

ಇನ್ನೊಂದು, ದಯವಿಟ್ಟು ಶ್ವಾಸಕೋಶದಿಂದ ಶುರು ಮಾಡಿ. ಎಲ್ಲರೂ ಹೃದಯದಿಂದ ಶುರು ಮಾಡಿ ಸೋಲುತ್ತಾರೆ. ಹೃದಯ ಪಕ್ಕೆಲುಬು ಮತ್ತು ಗಾಳಿಯ ಹಿಂದೆ ಅಡಗಿ ಕೂತಿರುತ್ತದೆ. ಶ್ವಾಸಕೋಶ ಹಾಗಲ್ಲ, ಎದೆಯ ಗೋಡೆಗೆ ಅಂಟಿಕೊಂಡೇ ಇದೆ.

ಗಾಳಿಯಲ್ಲಿ ಅಲ್ಟ್ರಾಸೌಂಡ್ ಹೋಗುವುದಿಲ್ಲ, ಹಾಗಾಗಿ ಶ್ವಾಸಕೋಶಕ್ಕೆ ಇದು ಪ್ರಯೋಜನವಿಲ್ಲ ಅಂತ ತುಂಬಾ ವರ್ಷ ಪುಸ್ತಕಗಳಲ್ಲೇ ಬರೆದಿತ್ತು. ಫ್ರಾನ್ಸಿನ ಐಸಿಯು ವೈದ್ಯ ಡೇನಿಯಲ್ ಲಿಕ್ಟೆನ್‌ಸ್ಟೈನ್ ಇದನ್ನು ತಿರುಗಿಸಿ ನೋಡಿದರು. ಅಂಗ ಕಾಣದಿದ್ದರೂ ಅಲ್ಲಿ ಹುಟ್ಟುವ ಗೆರೆಗಳು ಕಾಣುತ್ತವಲ್ಲ, ಆ ಗೆರೆಗಳೇ ಕಥೆ ಹೇಳುತ್ತವೆ ಅಂದರು. ಗಾಳಿ ತುಂಬಿದ ಶ್ವಾಸಕೋಶದಲ್ಲಿ ಪ್ಲೂರಾದ (ಶ್ವಾಸಕೋಶದ ಹೊರಪೊರೆಯ) ಬಿಳಿ ಗೆರೆಯೇ ಕೆಳಗೆ ಮತ್ತೆ ಮತ್ತೆ ಅಡ್ಡಗೆರೆಯಾಗಿ ಕಾಣುತ್ತದೆ. ಚರ್ಮದಿಂದ ಪ್ಲೂರಾಗೆ ಎಷ್ಟು ದೂರವೋ ಅಷ್ಟೇ ಅಂತರದಲ್ಲಿ ಒಂದರ ಕೆಳಗೊಂದು. ಅದು ಎ ಲೈನ್. ನೀರು ಸೇರಿದಾಗ ಪ್ಲೂರಾದಿಂದ ಟಾರ್ಚ್ ಬೆಳಕಿನ ಹಾಗೆ ಉದ್ದಗೆರೆ ಇಳಿಯುತ್ತದೆ. ಸ್ಕ್ರೀನಿನ ತಳದ ತನಕ ಹೋಗುತ್ತದೆ, ದಾರಿಯಲ್ಲಿ ಎ ಲೈನ್‌ಗಳನ್ನು ಅಳಿಸುತ್ತದೆ, ಉಸಿರಿನ ಜೊತೆ ಜಾರುತ್ತದೆ. ಅದು ಬಿ ಲೈನ್. ಎರಡು ಪಕ್ಕೆಲುಬಿನ ನಡುವೆ ಮೂರು ಅಥವಾ ಹೆಚ್ಚು ಕಂಡರೆ ಆ ಜಾಗ ಸರಿ ಇಲ್ಲ. ಎರಡೂ ಕಡೆ ಹಲವು ಜಾಗದಲ್ಲಿ ಹಾಗೆ ಕಂಡರೆ, ಮತ್ತು ರೋಗಿಯ ಕಥೆಯೂ ಹೊಂದಿದರೆ, ಪಲ್ಮನರಿ ಇಡೀಮಾ (ಶ್ವಾಸಕೋಶದಲ್ಲಿ ನೀರು) ಕಡೆಗೆ ವಾಲಬಹುದು. ಲಿಕ್ಟೆನ್‌ಸ್ಟೈನ್ ಅವರ ಬ್ಲೂ ಪ್ರೋಟೋಕಾಲ್ (ಉಸಿರಾಟದ ತೊಂದರೆಗೆ ಕಾರಣ ಹುಡುಕುವ ಅಲ್ಟ್ರಾಸೌಂಡ್ ಕ್ರಮ) ಬಂದದ್ದು 2008ರಲ್ಲಿ. ಒಮ್ಮೆ ಓದಿ.

ಕಥೆ ಹೊಂದಿದರೆ ಅಂತ ಯಾಕೆ ಹೇಳಿದೆ ಅಂದರೆ, ಫೈಬ್ರೋಸಿಸ್‌ನಲ್ಲೂ (ಶ್ವಾಸಕೋಶ ಗಾಯದ ಕಲೆಯಂತೆ ಗಟ್ಟಿಯಾದಾಗ) ಬಿ ಲೈನ್ ಇರುತ್ತದೆ. ಎಆರ್‌ಡಿಎಸ್‌ನಲ್ಲೂ (ಶ್ವಾಸಕೋಶಕ್ಕೆ ತೀವ್ರ ಹಾನಿಯಾದಾಗ) ಇರುತ್ತದೆ. ನ್ಯುಮೋನಿಯಾದಲ್ಲಿ ಒಂದು ಭಾಗದಲ್ಲಿ ಮಾತ್ರ ಇರಬಹುದು. ಗೆರೆ ನೋಡಿ ಕಾಯಿಲೆ ಹೆಸರು ಹೇಳಬೇಡಿ.

ಎರಡನೇ ವರ್ಷದ ಪಿಜಿ

ಧನ್ಯವಾದ ಸರ್. ಪ್ರಶ್ನೆಯೇ ತಪ್ಪಿತ್ತು ಅನ್ನುವುದು ನನಗೆ ಹೊಳೆದಿರಲೇ ಇಲ್ಲ. ಆದರೆ ಹೃದಯವನ್ನೂ ಒಂದಲ್ಲ ಒಂದು ದಿನ ನೋಡಲೇಬೇಕಲ್ವಾ? ಕೂತಿರುವ ರೋಗಿಯಲ್ಲಿ ನನಗೆ ಯಾವ ವ್ಯೂ ಸಹ ಸಿಗಲಿಲ್ಲ. ಪ್ರೋಬನ್ನು ಎಲ್ಲಾ ಕಡೆ ತಿರುಗಿಸಿದೆ.

ಎಕೋ ರೂಮಿನಿಂದ

"ಎಲ್ಲಾ ಕಡೆ ತಿರುಗಿಸಿದೆ" ಅಂದಿರಲ್ಲ, ಅಲ್ಲೇ ಇದೆ ತೊಂದರೆ. ನಾನು ದಿನವಿಡೀ ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡುವ ಟೆಕ್ನಿಷಿಯನ್. ಎಷ್ಟೋ ಡಾಕ್ಟರುಗಳಿಗೆ ಕೈ ಹಿಡಿದು ತೋರಿಸಿದ್ದೇನೆ. ಎಲ್ಲರೂ ಮಾಡುವ ತಪ್ಪು ಒಂದೇ, ಒಂದೇ ಸಲಕ್ಕೆ ಮೂರು ಚಲನೆ. ಜಾರಿಸುತ್ತಾರೆ, ಓರೆ ಮಾಡುತ್ತಾರೆ, ತಿರುಗಿಸುತ್ತಾರೆ, ಎಲ್ಲವೂ ಒಟ್ಟಿಗೆ. ಆಮೇಲೆ ಚಿತ್ರ ಚೆನ್ನಾಗಾದರೂ ಯಾವುದರಿಂದ ಆಯಿತು ಅಂತ ಅವರಿಗೇ ಗೊತ್ತಿರುವುದಿಲ್ಲ.

ಮೊದಲು ಜಾರಿಸಿ ಜಾಗ ಹುಡುಕಿ. ಹೃದಯ ಬಡಿಯುವುದು ಎಲ್ಲಿ ಚೆನ್ನಾಗಿ ಕಾಣುತ್ತದೋ ಅಲ್ಲಿ ನಿಲ್ಲಿಸಿ. ಆಮೇಲೆ ಆ ಜಾಗ ಬಿಡಬೇಡಿ. ಕಿರುಬೆರಳನ್ನು ರೋಗಿಯ ಎದೆಯ ಮೇಲೆ ಊರಿ, ಪ್ರೋಬನ್ನು ಪೆನ್ನಿನ ಹಾಗೆ ಕೆಳಗಡೆ ಹಿಡಿಯಿರಿ. ಮೇಲೆ ಹಿಡಿದರೆ ಜೆಲ್ ಮೇಲೆ ಜಾರುತ್ತಲೇ ಇರುತ್ತದೆ. ಈಗ ತಿರುಗಿಸುವುದಿದ್ದರೆ ತಿರುಗಿಸುವುದು ಮಾತ್ರ. ಓರೆ ಮಾಡುವುದಿದ್ದರೆ ಅದು ಮಾತ್ರ. ನಿಧಾನ, ಒಂದು ಸಲಕ್ಕೆ ಅಕ್ಕಿ ಕಾಳಿನಷ್ಟು ಮಾತ್ರ. ಪ್ರೋಬಿನಲ್ಲಿ ಚೂರು ಓರೆ ಆದರೆ ಹದಿನೈದು ಸೆಂಟಿಮೀಟರ್ ಆಳದಲ್ಲಿ ಬೇರೆಯದೇ ಜಾಗ.

ಚಿತ್ರ ಬರದಿದ್ದರೆ ಮೊದಲು ಡೆಪ್ತ್ ನೋಡಿ. ಹಿಂದಿನವರು ಕುತ್ತಿಗೆಯ ರಕ್ತನಾಳ ನೋಡಿ ನಾಲ್ಕು ಸೆಂಟಿಮೀಟರಿನಲ್ಲಿ ಬಿಟ್ಟು ಹೋಗಿರುತ್ತಾರೆ. ನೀವು ಅದರಲ್ಲೇ ಹೃದಯ ಹುಡುಕುತ್ತಿರುತ್ತೀರಿ. ಆಮೇಲೆ ಗೇನ್, ಅಂದರೆ ಚಿತ್ರ ಎಷ್ಟು ಬೆಳ್ಳಗೆ ಕಾಣಬೇಕು ಅನ್ನುವ ಗುಂಡಿ. ರಕ್ತ ಕಪ್ಪಾಗಿ ಕಾಣಬೇಕು. ರಕ್ತವೇ ಬೂದು ಬಣ್ಣ ಆಗಿದ್ದರೆ ಗೇನ್ ಜಾಸ್ತಿ ಆಗಿದೆ. ನಿಮ್ಮ "ಸ್ಕ್ರೀನ್ ತುಂಬಾ ಬೂದು" ಓದಿದಾಗ ನನಗೆ ಅದೇ ಅನುಮಾನ ಬಂತು.

ಸರಿಯಾದ ಪ್ರೋಬ್ ಹಿಡಿದಿದ್ದಿರಾ? ಚಪ್ಪಟೆ ಲೀನಿಯರ್ ಪ್ರೋಬಿನ ಫ್ರೀಕ್ವೆನ್ಸಿ ಜಾಸ್ತಿ. ಹತ್ತಿರದ್ದು ತುಂಬಾ ಸ್ಪಷ್ಟ, ಆದರೆ ಆಳಕ್ಕೆ ಹೋಗುವುದಿಲ್ಲ. ಹೃದಯಕ್ಕೆ ಪಕ್ಕೆಲುಬಿನ ನಡುವೆ ಕೂರುವಷ್ಟು ಚಿಕ್ಕ ಮುಖದ, ಕಡಿಮೆ ಫ್ರೀಕ್ವೆನ್ಸಿಯ ಫೇಸ್ಡ್ ಅರೇ ಪ್ರೋಬ್ ಬೇಕು.

ಎಲ್ಲರ ತಲೆಕೆಡಿಸುವುದು ಮಾರ್ಕರ್, ಅಂದರೆ ಪ್ರೋಬಿನ ಯಾವ ಅಂಚು ಸ್ಕ್ರೀನಿನ ಯಾವ ಕಡೆ ಅಂತ ಹೇಳುವ ಗುರುತು. ಹೊಟ್ಟೆ ನೋಡುವಾಗ ಸ್ಕ್ರೀನಿನ ಗುರುತು ಎಡಗಡೆ ಇರುತ್ತದೆ. ಕಾರ್ಡಿಯಾಕ್ ಸೆಟ್ಟಿಂಗ್ ಹಾಕಿದರೆ ಅದು ಬಲಗಡೆಗೆ ಹೋಗುತ್ತದೆ. ಇದನ್ನು ಗಮನಿಸದೆ ಎಡ ಬಲ ಅದಲು ಬದಲಾಗಿ ಬಲ ಕುಹರವನ್ನು ಎಡ ಕುಹರ ಅಂತ ಓದಿದವರನ್ನು ನೋಡಿದ್ದೇನೆ. ಪ್ರೋಬ್ ಇಡುವ ಮೊದಲು ಒಂದು ಅಂಚನ್ನು ಬೆರಳಿನಿಂದ ಮುಟ್ಟಿ, ಸ್ಕ್ರೀನಿನಲ್ಲಿ ಯಾವ ಕಡೆ ಅಲುಗುತ್ತದೆ ನೋಡಿಕೊಳ್ಳಿ. ಎರಡು ಸೆಕೆಂಡಿನ ಕೆಲಸ.

ನಿಮ್ಮ ಆ ರೋಗಿಯ ಬಗ್ಗೆ: ಸಿಗರೇಟ್ ಸೇದಿ ಶ್ವಾಸಕೋಶ ಉಬ್ಬಿರುವವರಲ್ಲಿ ಎದೆಯ ಮೇಲಿನಿಂದ ಹೃದಯ ನನಗೂ ಎಷ್ಟೋ ಸಲ ಸಿಗುವುದಿಲ್ಲ. ನಡುವೆ ಗಾಳಿ ಅಡ್ಡ ಬರುತ್ತದೆ. ಅಂಥವರಲ್ಲಿ ಪಕ್ಕೆಲುಬಿನ ಕೆಳಗಿನಿಂದ, ಹೊಟ್ಟೆಯ ಮೇಲ್ಭಾಗದಲ್ಲಿ ಪ್ರೋಬನ್ನು ಮಲಗಿಸಿ, ಲಿವರನ್ನು ಕಿಟಕಿ ಮಾಡಿಕೊಂಡು ನೋಡಿ. ಅಲ್ಲಿ ಹೃದಯವೇ ಕೆಳಗೆ ಇಳಿದಿರುತ್ತದೆ. ಉಳಿದವರಲ್ಲಿ, ತಿರುಗಲು ಆಗುವವರಾದರೆ ಎಡಕ್ಕೆ ತಿರುಗಿಸಿ. ಹೃದಯ ಎದೆಯ ಗೋಡೆಯ ಹತ್ತಿರ ಬರುತ್ತದೆ.

ವೈದ್ಯ ವಿದ್ಯಾರ್ಥಿನಿ

ಇದನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳುತ್ತೇನೆ. ಬೆರಳಿನಿಂದ ಮುಟ್ಟಿ ನೋಡುವುದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ರೇಡಿಯಾಲಜಿಸ್ಟ್

ಎಲ್ಲರೂ ಖುಷಿಯಲ್ಲಿದ್ದೀರಿ. ನಾನು ಸ್ವಲ್ಪ ಕಷ್ಟದ ಮಾತು ಆಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಆಸ್ಪತ್ರೆಯಲ್ಲಿ, ರಸ್ತೆ ಅಪಘಾತದಲ್ಲಿ ಗಾಯಗೊಂಡ ಒಬ್ಬ ಯುವಕ ಬಂದ. ಡ್ಯೂಟಿಯಲ್ಲಿದ್ದ ಡಾಕ್ಟರ್ ಫಾಸ್ಟ್ ಸ್ಕ್ಯಾನ್ (ಗಾಯಾಳುವಿನ ಹೊಟ್ಟೆಯಲ್ಲಿ, ಹೃದಯದ ಸುತ್ತ ರಕ್ತ ಸೇರಿದೆಯಾ ಅಂತ ನೋಡುವ ಅಲ್ಟ್ರಾಸೌಂಡ್) ಮಾಡಿ ಕೇಸ್ ಶೀಟಿನಲ್ಲಿ "ಅಲ್ಟ್ರಾಸೌಂಡ್ ಹೊಟ್ಟೆ: ನಾರ್ಮಲ್" ಅಂತ ಬರೆದರು. ಮುಂದಿನ ಪಾಳಿಯವರು ಆ ಸಾಲು ಓದಿದರು. ರೇಡಿಯಾಲಜಿಯಲ್ಲೇ ಪೂರ್ತಿ ಸ್ಕ್ಯಾನ್ ಆಗಿದೆ ಅಂದುಕೊಂಡರು. ಗಂಟೆಗಳ ಮೇಲೆ ಬಿಪಿ ಇಳಿಯಿತು. ಸಿಟಿ ಮಾಡಿದಾಗ ಪೆಲ್ವಿಸ್ (ಸೊಂಟದ ಮೂಳೆ) ಮುರಿದು ಹೊಟ್ಟೆಯ ಪೊರೆಯ ಹಿಂದೆ ರಕ್ತ ತುಂಬಿತ್ತು. ಫಾಸ್ಟ್ ಆ ಜಾಗವನ್ನು ತೋರಿಸುವುದೇ ಇಲ್ಲ. ಹುಡುಗ ಉಳಿದುಕೊಂಡ, ಆದರೆ ತುಂಬಾ ಹೊತ್ತು ಕಳೆದುಹೋಯಿತು. ಸ್ಕ್ಯಾನ್ ಮಾಡಿದ ಡಾಕ್ಟರ್ ನೋಡಿದ್ದರಲ್ಲಿ ತಪ್ಪಿರಲಿಲ್ಲ. ಅವರು ಬರೆದ ಒಂದು ಪದದಲ್ಲಿ ತಪ್ಪಿತ್ತು. ಸ್ಕ್ಯಾನಿನ ಒಂದು ಚಿತ್ರವೂ ಉಳಿಸಿರಲಿಲ್ಲ, ಹಾಗಾಗಿ ಆಮೇಲೆ ಯಾರಿಗೂ ಅದನ್ನು ನೋಡಿ ಕಲಿಯಲೂ ಆಗಲಿಲ್ಲ. ಇದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಅಂದಿನಿಂದ ನಾನು ಎಲ್ಲ ಪಿಜಿಗಳಿಗೂ ಹೇಳುವುದು ಇಷ್ಟು. "ನಾರ್ಮಲ್" ಅನ್ನುವ ಪದ ನಿಮ್ಮದಲ್ಲ. "ಲಿವರ್ ಮತ್ತು ಕಿಡ್ನಿ ನಡುವೆ, ಸ್ಪ್ಲೀನ್ (ಗುಲ್ಮ) ಸುತ್ತ, ಪೆಲ್ವಿಸ್‌ನಲ್ಲಿ, ಹೃದಯದ ಸುತ್ತ, ಈ ಹೊತ್ತಿನಲ್ಲಿ ದ್ರವ ಕಾಣಲಿಲ್ಲ" ಅಂತ ಬರೆಯಿರಿ. ಸಮಯ ಬರೆಯಿರಿ. ಚೆನ್ನಾಗಿ ಕಾಣದಿದ್ದರೆ "ಈ ಜಾಗ ಕಾಣಲಿಲ್ಲ" ಅಂತ ಬರೆಯಿರಿ. ಕಾಣಲಿಲ್ಲ ಅನ್ನುವುದು ಬೇರೆ, ಇಲ್ಲ ಅನ್ನುವುದು ಬೇರೆ. ಚಿತ್ರ ಉಳಿಸಿ.

ತುರ್ತು ವಿಭಾಗದ ಡಾಕ್ಟರ್

ಮೇಡಂ, ಒಂದಕ್ಷರವೂ ತೆಗೆಯುವ ಹಾಗಿಲ್ಲ. ಇದಕ್ಕೆ ಎರಡು ಮಾತು ಸೇರಿಸುತ್ತೇನೆ.

ಹೊಟ್ಟೆಯಲ್ಲಿ ಕೆಲವು ನೂರು ಮಿಲಿಲೀಟರ್ ರಕ್ತ ಸೇರುವ ತನಕ ಫಾಸ್ಟ್‌ನಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಬಂದ ಕೂಡಲೇ ಮಾಡಿದಾಗ ಏನೂ ಇಲ್ಲದಿದ್ದವರಲ್ಲಿ ಅರ್ಧ ಗಂಟೆಯ ನಂತರ ಕಾಣಬಹುದು. ಹಾಗಾಗಿ ರೋಗಿಯ ಸ್ಥಿತಿ ಬದಲಾದಾಗಲೆಲ್ಲ ಮತ್ತೆ ಪ್ರೋಬ್ ಇಡಿ. ಬಲಗಡೆ ಲಿವರಿನ ಕೆಳ ತುದಿಯ ತನಕ ಪ್ರೋಬ್ ಇಳಿಸಿ ನೋಡಿ, ಸ್ವಲ್ಪವೇ ದ್ರವ ಇದ್ದರೆ ಎಷ್ಟೋ ಸಲ ಮೊದಲು ಸಿಗುವುದು ಅಲ್ಲಿ. ಎಡಗಡೆ ಹೊಸಬರು ಪ್ರೋಬನ್ನು ತುಂಬಾ ಮುಂದೆ ಇಡುತ್ತಾರೆ. ಗೆಣ್ಣುಗಳು ಹಾಸಿಗೆಗೆ ತಾಗುವಷ್ಟು ಹಿಂದೆ, ಇನ್ನೂ ಮೇಲೆ ಹೋಗಬೇಕು. ಎಡಗಡೆ ದ್ರವ ಮೊದಲು ಸೇರುವುದು ಸ್ಪ್ಲೀನ್ ಮತ್ತು ಡಯಾಫ್ರಮ್ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯು ಪರದೆ) ನಡುವೆ. ಕಿಡ್ನಿ ಹತ್ತಿರ ಮಾತ್ರ ನೋಡಿ ಕೈ ತೆಗೆದರೆ ತಪ್ಪಿಹೋಗುತ್ತದೆ. ದ್ರವ ತುಂಬಿದ ಹೊಟ್ಟೆಚೀಲವನ್ನು ರಕ್ತ ಅಂದುಕೊಳ್ಳುವುದೂ ಎಡಗಡೆಯೇ.

ಹೆಪ್ಪುಗಟ್ಟಿದ ರಕ್ತ ಕಪ್ಪಾಗಿ ಕಾಣುವುದಿಲ್ಲ, ಬೂದು ಬಣ್ಣಕ್ಕೆ ತಿರುಗಿ ಅಂಗಾಂಶದ ಹಾಗೇ ಕಾಣುತ್ತದೆ. ಇದನ್ನು ನೆನಪಿಡಿ.

ಎಮರ್ಜೆನ್ಸಿ ರೆಸಿಡೆಂಟ್

ಕಾರ್ಡಿಯಾಕ್ ಅರೆಸ್ಟ್ ಬಗ್ಗೆಯೂ ಯಾರಾದರೂ ಹೇಳಬೇಕು, ನಾನೇ ಹೇಳುತ್ತೇನೆ. ಹೃದಯ ಅಲುಗುತ್ತಿದೆಯಾ ನೋಡೋಣ ಅಂತ ಪ್ರೋಬ್ ಹಿಡಿದು ನಿಂತರೆ ಸಮಯ ಹೋಗುವುದೇ ಗೊತ್ತಾಗುವುದಿಲ್ಲ. ಎದೆ ಒತ್ತುವುದನ್ನು ಹತ್ತು ಸೆಕೆಂಡಿಗಿಂತ ಜಾಸ್ತಿ ನಿಲ್ಲಿಸಬಾರದು. 2017ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಅಲ್ಟ್ರಾಸೌಂಡ್ ಮಾಡಿದ ಪಲ್ಸ್ ಚೆಕ್‌ಗಳು (ಒತ್ತುವುದನ್ನು ನಿಲ್ಲಿಸಿ ನಾಡಿ ನೋಡುವ ಹೊತ್ತು) ಸರಾಸರಿ 21 ಸೆಕೆಂಡ್, ಮಾಡದೇ ಇದ್ದವು 13 ಸೆಕೆಂಡ್. ಅದನ್ನು ಓದಿದ ಮೇಲೆ ನಮ್ಮ ತಂಡ ಅಭ್ಯಾಸ ಬದಲಿಸಿತು. ಒತ್ತುತ್ತಿರುವಾಗಲೇ ಪಕ್ಕೆಲುಬಿನ ಕೆಳಗೆ ಪ್ರೋಬ್ ಇಟ್ಟು ಜಾಗ ಹುಡುಕಿ ತಯಾರಾಗುತ್ತೇವೆ. ನಿಲ್ಲಿಸಿದ ಕೂಡಲೇ ಕ್ಲಿಪ್ ರೆಕಾರ್ಡ್. ಒಬ್ಬರು ಜೋರಾಗಿ ಸೆಕೆಂಡ್ ಎಣಿಸುತ್ತಾರೆ. ಹತ್ತು ಅಂದರೆ ಪ್ರೋಬ್ ಎತ್ತಲೇಬೇಕು. ಕ್ಲಿಪ್ ನೋಡಿ ಏನಿದೆ ಅಂತ ಹೇಳುವುದು ಮತ್ತೆ ಒತ್ತಲು ಶುರುವಾದ ಮೇಲೆ. ಈ ಕೆಲಸಕ್ಕೆ ಹೊಸಬರನ್ನು ನಿಲ್ಲಿಸಬೇಡಿ.

ವೈದ್ಯ ವಿದ್ಯಾರ್ಥಿನಿ

ನನ್ನದೂ ಒಂದು ಪ್ರಶ್ನೆ. ನಾನಿನ್ನೂ ಮೊದಲ ವರ್ಷ. ಕ್ಲಾಸಿನಲ್ಲಿ ಕೆಲವರು ಈಗಲೇ ಪ್ರೋಬ್ ಕಲಿಯೋಣ ಅನ್ನುತ್ತಾರೆ. ಒಬ್ಬ ಟೀಚರ್ "ಮೊದಲು ಸ್ಟೆತ್ ಸರಿಯಾಗಿ ಕಲಿಯಿರಿ" ಅಂತ ಬೈದರು. ಯಾವುದು ಸರಿ?

ಪಾಠ ಮಾಡುವ ಫಿಸಿಷಿಯನ್

ನಿಮ್ಮ ಟೀಚರ್ ಭಯ ನನಗೆ ಅರ್ಥವಾಗುತ್ತದೆ. ಕಿವಿಗೆ ಕೆಲಸ ಕೊಡದೆ ಬೆಳೆದ ಡಾಕ್ಟರ್, ಮೆಷಿನ್ ಚಾರ್ಜ್ ಇಲ್ಲದ ದಿನ ಏನು ಮಾಡುತ್ತಾರೆ? ಆದರೂ ನಾನು ಈಗಲೇ ಕಲಿಯಿರಿ ಅನ್ನುವ ಕಡೆಗೇ ಇದ್ದೇನೆ. 1816ರಲ್ಲಿ ಫ್ರಾನ್ಸಿನ ವೈದ್ಯ ಲೆನೆಕ್ ಕಾಗದ ಸುರುಳಿ ಮಾಡಿ ಎದೆಗಿಟ್ಟು ಕೇಳಿದಾಗ ಶುರುವಾದ ಸ್ಟೆತ್ ಕೂಡ ಆ ಕಾಲಕ್ಕೆ ಹೊಸ ಯಂತ್ರವೇ. ಅಮೆರಿಕದ ಸೌತ್ ಕೆರೊಲಿನಾ ವಿಶ್ವವಿದ್ಯಾಲಯ 2006ರಲ್ಲೇ ವೈದ್ಯ ಶಿಕ್ಷಣದ ನಾಲ್ಕೂ ವರ್ಷಕ್ಕೆ ಅಲ್ಟ್ರಾಸೌಂಡ್ ಪಾಠ ಸೇರಿಸಿತು.

ಆದರೆ ಮೊದಲ ವರ್ಷದಲ್ಲಿ ಕಾಯಿಲೆ ಹುಡುಕಲು ಹೋಗಬೇಡಿ. ಅಂಗರಚನೆ ಓದಲು ಪ್ರೋಬ್ ಬಳಸಿ. ಅಯೋರ್ಟಾ (ಹೃದಯದಿಂದ ಹೊರಡುವ ಮಹಾಧಮನಿ) ಬೆನ್ನುಮೂಳೆಯ ಎಡಕ್ಕೆ, ಐವಿಸಿ (ಕೆಳಭಾಗದ ರಕ್ತವನ್ನು ಹೃದಯಕ್ಕೆ ತರುವ ದೊಡ್ಡ ಸಿರೆ) ಬಲಕ್ಕೆ ಅಂತ ಬಾಯಿಪಾಠ ಮಾಡಿರುತ್ತೀರಿ. ಒಮ್ಮೆ ನೋಡಿ. ಐವಿಸಿಯ ಗೋಡೆ ತೆಳು, ಉಸಿರಿನ ಜೊತೆ ಕುಗ್ಗುತ್ತದೆ, ಲಿವರಿನ ಹಿಂದೆ ಹಾದು ಬಲ ಹೃತ್ಕರ್ಣಕ್ಕೆ ಸೇರುತ್ತದೆ. ಅಯೋರ್ಟಾ ಗೋಡೆ ದಪ್ಪ, ತಾನೇ ಮಿಡಿಯುತ್ತದೆ. ಪಕ್ಕದಲ್ಲಿರುವುದು ಮಿಡಿದರೆ ಐವಿಸಿಯೂ ಅಲುಗುತ್ತದೆ, ಹಾಗಾಗಿ ಅಲುಗುವುದನ್ನು ಮಾತ್ರ ನೋಡಿ ಹೆಸರು ಹೇಳಬಾರದು. ಇದನ್ನು ಗೆಳತಿಯ ಹೊಟ್ಟೆಯ ಮೇಲೆ ಒಮ್ಮೆ ನೋಡಿದವರು ಜನ್ಮದಲ್ಲಿ ಮರೆಯುವುದಿಲ್ಲ.

ಗೆಳೆಯರ ಮೇಲೆ ಸ್ಕ್ಯಾನ್ ಮಾಡುವ ಮೊದಲು ಒಂದು ಮಾತು ಆಡಿಕೊಳ್ಳಿ. ಅಕಸ್ಮಾತ್ ಏನಾದರೂ ಕಂಡರೆ ಯಾರಿಗೆ ಹೇಳುವುದು, ಯಾರು ಮುಂದೆ ನೋಡಿಕೊಳ್ಳುತ್ತಾರೆ ಅಂತ ಮೊದಲೇ ತೀರ್ಮಾನವಾಗಿರಬೇಕು. ಒಮ್ಮೆ ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗನ ಕಿಡ್ನಿ ಉಬ್ಬಿರುವುದು ಎಲ್ಲರ ಎದುರಿಗೇ ಕಂಡುಬಂತು. ಅವನ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಐಸಿಯು ನರ್ಸ್

ನಮ್ಮ ಕೈಗೂ ಪ್ರೋಬ್ ಬಂದಿದೆ, ಅದನ್ನು ಯಾರೂ ಹೇಳಲಿಲ್ಲ ಅಂತ ಬರೆಯುತ್ತಿದ್ದೇನೆ.

ರಕ್ತನಾಳ ಸಿಗದ ರೋಗಿಗಳಿಗೆ ನಾನು ಅಲ್ಟ್ರಾಸೌಂಡ್ ನೋಡಿಕೊಂಡೇ ಐವಿ ಹಾಕುತ್ತೇನೆ. ಹತ್ತು ಸಲ ಚುಚ್ಚಿಸಿಕೊಂಡು ಕೈಯೆಲ್ಲ ನೀಲಿಯಾದವರಿಗೆ ಒಂದೇ ಸಲಕ್ಕೆ ಲೈನ್ ಸಿಕ್ಕಾಗ ಅವರು ನೋಡುವ ನೋಟ ಇದೆಯಲ್ಲ, ಅದಕ್ಕಾಗಿಯೇ ಕಲಿಯಬೇಕು.

ಕಲಿಯುವಾಗ ನನಗೆ ಕಷ್ಟವಾದದ್ದು ಸೂಜಿಯ ತುದಿ. ನಾಳವನ್ನು ಅಡ್ಡಕ್ಕೆ ನೋಡುವಾಗ ಸ್ಕ್ರೀನಿನಲ್ಲಿ ಒಂದು ಬಿಳಿ ಚುಕ್ಕೆ ಕಾಣುತ್ತದೆ. ಅದು ತುದಿಯೂ ಆಗಿರಬಹುದು, ಸೂಜಿಯ ನಡುಭಾಗವೂ ಆಗಿರಬಹುದು. ನಡುಭಾಗವನ್ನು ತುದಿ ಅಂದುಕೊಂಡರೆ ನಿಜವಾದ ತುದಿ ನಾಳದ ಹಿಂಗೋಡೆ ದಾಟಿ ಹೋಗಿರುತ್ತದೆ. ಚುಕ್ಕೆ ಕಂಡ ಕೂಡಲೇ ಪ್ರೋಬನ್ನು ಒಂದು ಕೂದಲೆಳೆ ಮುಂದಕ್ಕೆ ಸರಿಸಿ. ಚುಕ್ಕೆ ಮಾಯವಾದರೆ ಅದೇ ತುದಿ. ಈಗ ಸೂಜಿಯನ್ನು ಅಷ್ಟೇ ಮುಂದೆ ತನ್ನಿ, ಚುಕ್ಕೆ ಮತ್ತೆ ಬರುತ್ತದೆ. ಪ್ರೋಬ್, ಸೂಜಿ, ಪ್ರೋಬ್, ಸೂಜಿ. ನಾಳದ ಒಳಗೆ ಹೋದ ಮೇಲೂ ಸ್ವಲ್ಪ ದೂರ ಹೀಗೇ ನಡೆಯಿರಿ. ರಕ್ತ ಬಂತು ಅಂತ ಅಲ್ಲೇ ನಿಲ್ಲಿಸಿದರೆ ಕ್ಯಾನುಲಾ (ಸೂಜಿಯ ಮೇಲಿನ ಪ್ಲಾಸ್ಟಿಕ್ ಕೊಳವೆ) ಹೊರಗೇ ಉಳಿಯುತ್ತದೆ.

ಸಿರೆ (ವೇಯ್ನ್) ಯಾವುದು, ಧಮನಿ ಯಾವುದು ಅಂತ ಒತ್ತಿ ನೋಡಿ. ಮೆಲ್ಲಗೆ ಒತ್ತಿದರೆ ಸಿರೆ ಪೂರ್ತಿ ಮುಚ್ಚಿಕೊಳ್ಳುತ್ತದೆ. ಧಮನಿ ಮುಚ್ಚುವುದಿಲ್ಲ, ಮಿಡಿಯುತ್ತದೆ. ಕಾಲಿನಲ್ಲಿ ಒತ್ತಿದರೂ ಮುಚ್ಚದ ಸಿರೆ ಸಿಕ್ಕಿದರೆ ಒಳಗೆ ಹೆಪ್ಪು ಇರಬಹುದು. ಆಗ ಕೂಡಲೇ ಡಾಕ್ಟರಿಗೆ ತಿಳಿಸಿ.

ಅಭ್ಯಾಸಕ್ಕೆ ರೋಗಿಯೇ ಬೇಕಿಲ್ಲ. ಜೆಲಟಿನ್ ಗಟ್ಟಿಯಾಗಿ ಕುದಿಸಿ, ಸ್ವಲ್ಪ ಇಸಬ್ಗೋಲ್ ಸೇರಿಸಿ, ನೀರು ತುಂಬಿದ ಉದ್ದ ಬಲೂನ್ ಒಳಗಿಟ್ಟು ಫ್ರಿಜ್ಜಿನಲ್ಲಿ ಇಡಿ. ಇಸಬ್ಗೋಲ್ ಹಾಕದಿದ್ದರೆ ಎಲ್ಲಾ ಕಪ್ಪಾಗಿ ಕಾಣುತ್ತದೆ. ಹಾಕಿದರೆ ಮಾಂಸದ ಹಾಗೆ ಬೂದು ಬಣ್ಣ ಬರುತ್ತದೆ. ನಾನು ಕಲಿತದ್ದು ಹಾಗೆ.

ದಯವಿಟ್ಟು ಪ್ರೋಬ್ ಒರೆಸಿ ಇಡಿ. ಬರೀ ಜೆಲ್ ಒರೆಸಿದರೆ ಸಾಲದು, ಸೋಂಕು ನಿವಾರಕದಿಂದ ಒರೆಸಬೇಕು. ಒಂದು ಬೆಡ್ಡಿನಿಂದ ಇನ್ನೊಂದಕ್ಕೆ ಅದೇ ಪ್ರೋಬ್ ಹೋಗುತ್ತದೆ. ಮತ್ತೆ ರೋಗಿಯ ಜೊತೆ ಮಾತಾಡಿ. "ನಾನು ಕಲಿಯುತ್ತಿದ್ದೇನೆ, ಈ ಸ್ಕ್ಯಾನಿನಿಂದ ನಿಮ್ಮ ಚಿಕಿತ್ಸೆ ಬದಲಾಗುವುದಿಲ್ಲ, ನೋಡಲೇ?" ಅಂತ ಕೇಳಿ. ಬಹಳಷ್ಟು ಜನ ಒಪ್ಪುತ್ತಾರೆ. ಸುಮ್ನೆ ಬಟ್ಟೆ ಸರಿಸಿ ತಣ್ಣನೆಯ ಜೆಲ್ ಹಾಕಿ ಸ್ಕ್ರೀನ್ ನೋಡುತ್ತಾ ಹುಬ್ಬು ಗಂಟಿಕ್ಕಿದರೆ, ಮಲಗಿದವರಿಗೆ ಏನನ್ನಿಸಬೇಕು?

ಎರಡನೇ ವರ್ಷದ ಪಿಜಿ

ಅಕ್ಕ, ಕೊನೆಯ ಸಾಲು ಓದಿ ನನಗೆ ಆ ರಾತ್ರಿ ನೆನಪಾಯಿತು. ಐದು ನಿಮಿಷ ನಾನು ಅವರ ಮುಖವನ್ನೇ ನೋಡಿರಲಿಲ್ಲ. ಮಾರನೇ ದಿನ ಹೋಗಿ ಕ್ಷಮೆ ಕೇಳಬೇಕಿತ್ತು, ಕೇಳಲಿಲ್ಲ.

ಪಾಠ ಮಾಡುವ ಫಿಸಿಷಿಯನ್

ಎಷ್ಟು ಸ್ಕ್ಯಾನ್ ಮಾಡಬೇಕು ಅಂತ ಮೊದಲಲ್ಲಿ ಕೇಳಿದ್ದಿರಿ, ಯಾರೂ ಉತ್ತರ ಕೊಟ್ಟಿಲ್ಲ. ಅಮೆರಿಕದ ತುರ್ತು ವೈದ್ಯರ ಕಾಲೇಜಿನ ಮಾರ್ಗಸೂಚಿಯಲ್ಲಿ ಒಂದೊಂದು ಬಗೆಯ ಸ್ಕ್ಯಾನಿಗೂ 25ರಿಂದ 50 ಅಂತ ಇದೆ. ಅದೂ ಗುಣಮಟ್ಟ ಪರಿಶೀಲನೆ ಆದ ಸ್ಕ್ಯಾನ್‌ಗಳು. ಎಲ್ಲರೂ ಸಂಖ್ಯೆ ಓದುತ್ತಾರೆ, ಪರಿಶೀಲನೆ ಅನ್ನುವುದನ್ನು ಬಿಟ್ಟುಬಿಡುತ್ತಾರೆ. ಯಾರೂ ತಿದ್ದದೆ ಇನ್ನೂರು ಸ್ಕ್ಯಾನ್ ಮಾಡಿದವರು ಅದೇ ತಪ್ಪನ್ನು ಇನ್ನೂರು ಸಲ ಮಾಡಿರುತ್ತಾರೆ, ಅಷ್ಟೇ.

ನಾನು ಮಾಡಿಸುವುದು ಹೀಗೆ. ಪ್ರತಿ ಸ್ಕ್ಯಾನಿಗೂ ಮೂರು ಸಾಲು: ಏನು ಪ್ರಶ್ನೆ, ಏನು ಕಂಡಿತು, ಎಷ್ಟು ನಂಬಿಕೆ ಇದೆ. ಕ್ಲಿಪ್ ಉಳಿಸಬೇಕು. ವಾರಕ್ಕೊಮ್ಮೆ ಅರ್ಧ ಗಂಟೆ ಕೂತು ಎಲ್ಲಾ ಕ್ಲಿಪ್ ನೋಡುತ್ತೇವೆ. ಆಮೇಲೆ ಸಿಟಿ, ಎಕ್ಸ್‌ರೇ, ಎಕೋ, ಆಪರೇಷನ್, ಏನು ಉತ್ತರ ಬಂದಿದೆಯೋ ಅದನ್ನು ಪಕ್ಕದಲ್ಲಿ ಬರೆಯುತ್ತೇವೆ. "ನಂಬಿಕೆ ಜಾಸ್ತಿ" ಅಂತ ಬರೆದು ತಪ್ಪಾದವುಗಳ ಮೇಲೆ ಜಾಸ್ತಿ ಹೊತ್ತು ಕೂರುತ್ತೇವೆ.

ಇನ್ನೊಂದು ದಾರಿ ಇದೆ, ಯಾರೂ ಬಳಸುವುದಿಲ್ಲ. ಉತ್ತರ ಗೊತ್ತಿರುವ ರೋಗಿಗಳ ಹತ್ತಿರ ಹೋಗಿ. ಎಕ್ಸ್‌ರೇಯಲ್ಲಿ ಪ್ಲೂರಲ್ ಎಫ್ಯೂಷನ್ (ಶ್ವಾಸಕೋಶದ ಸುತ್ತ ನೀರು) ಇದೆ ಅಂತ ಗೊತ್ತಾದವರು ವಾರ್ಡಿನಲ್ಲೇ ಇರುತ್ತಾರೆ. ಒಪ್ಪಿದರೆ ಹಗಲು ಹೊತ್ತಿನಲ್ಲಿ, ಗಡಿಬಿಡಿ ಇಲ್ಲದಾಗ ನೋಡಿ. ನೀರು ಹೇಗೆ ಕಾಣುತ್ತದೆ ಅಂತ ಮೊದಲ ಸಲ ನೋಡುವುದು ರಾತ್ರಿ ಎರಡು ಗಂಟೆಗೆ ಆಗಬಾರದು.

ಒಬ್ಬರೇ ಇರುವ ಡ್ಯೂಟಿ ಡಾಕ್ಟರ್

ಸರ್, ನಿಮ್ಮ ಹತ್ತಿರ ತಿದ್ದುವವರಿದ್ದಾರೆ. ನನ್ನ ಜಾಗದಲ್ಲಿ ನಾನು ಒಬ್ಬನೇ. ಕೈಯಲ್ಲಿ ಹಿಡಿಯುವ ಚಿಕ್ಕ ಮೆಷಿನ್ ಇದೆ, ಫೋನಿಗೆ ಸಿಕ್ಕಿಸಿದರೆ ಸಾಕು. ತಿದ್ದುವವರು ಮಾತ್ರ ಇಲ್ಲ. ನಾನು ಕಲಿಯಲೇಬಾರದಾ?

ರೇಡಿಯಾಲಜಿಸ್ಟ್

ಕಲಿಯಲೇಬೇಕು, ನಿಮಗೇ ಎಲ್ಲರಿಗಿಂತ ಜಾಸ್ತಿ ಬೇಕು. ರೋಗಿಯ ಹೆಸರು, ನಂಬರ್, ತಾರೀಕು ಎಲ್ಲಾ ತೆಗೆದು, ರೋಗಿಯ ಒಪ್ಪಿಗೆ ಮತ್ತು ನಿಮ್ಮ ಸಂಸ್ಥೆಯ ನಿಯಮ ನೋಡಿಕೊಂಡು, ನಂಬಿಕೆಯ ಒಬ್ಬ ಹಿರಿಯರಿಗೆ ಕ್ಲಿಪ್ ಕಳಿಸುವ ವ್ಯವಸ್ಥೆ ಮಾಡಿಕೊಳ್ಳಿ. ಹದಿನೈದು ದಿನಕ್ಕೊಮ್ಮೆ ಆದರೂ ಸಾಕು. ಬೇರೆ ಕಡೆ ಕಳಿಸಿದ ಪ್ರತಿ ರೋಗಿಯ ಸಿಟಿ ವರದಿಯನ್ನು ಕೇಳಿ ತರಿಸಿಕೊಳ್ಳಿ. ಮತ್ತೆ, ಎರಡೇ ಪ್ರಶ್ನೆ ಇಟ್ಟುಕೊಂಡು ಶುರು ಮಾಡಿ. ಪ್ಲೂರಾದಲ್ಲಿ ನೀರು ಇದೆಯಾ? ಮೂತ್ರಕೋಶ ತುಂಬಿದೆಯಾ? ಈ ಎರಡರಲ್ಲಿ ಕೈ ಕೂತ ಮೇಲೆ ಮೂರನೆಯದು.

ತುರ್ತು ವಿಭಾಗದ ಡಾಕ್ಟರ್

ಪಿಜಿ ಮೇಡಂಗೆ ಇನ್ನೊಂದು ಎಚ್ಚರಿಕೆ. ಶ್ವಾಸಕೋಶ ಕಲಿಯುವಾಗ ಎಲ್ಲರೂ ಬೀಳುವ ಗುಂಡಿ ಇದು. ಉಸಿರಿನ ಜೊತೆ ಪ್ಲೂರಾ ಜಾರುತ್ತಿದ್ದರೆ ಆ ಜಾಗದಲ್ಲಿ ನ್ಯುಮೋಥೊರಾಕ್ಸ್ (ಶ್ವಾಸಕೋಶ ಮತ್ತು ಎದೆಗೋಡೆಯ ನಡುವೆ ಗಾಳಿ ಸೇರುವುದು) ಇಲ್ಲ. ಇದು ಗಟ್ಟಿ. ಆದರೆ ಜಾರದಿದ್ದರೆ ನ್ಯುಮೋಥೊರಾಕ್ಸ್ ಇದೆ ಅಂತ ಅಲ್ಲ. ಪ್ಲೂರಾ ಅಂಟಿಕೊಂಡಿರಬಹುದು. ಆ ಕಡೆ ಗಾಳಿಯೇ ಹೋಗದಿರಬಹುದು. ಲಂಗ್ ಪಾಯಿಂಟ್ ಹುಡುಕಿ, ಅಂದರೆ ಜಾರುವ ಭಾಗ ಮತ್ತು ಜಾರದ ಭಾಗ ಸೇರುವ ಜಾಗ. ಅದು ಸಿಕ್ಕಿದರೆ ಹೌದು. ಹೃದಯದ ಬಡಿತಕ್ಕೆ ಪ್ಲೂರಾ ಚೂರು ಚೂರು ಅದುರುತ್ತಿದ್ದರೆ ಅದು ಲಂಗ್ ಪಲ್ಸ್. ಅಲ್ಲಿ ಶ್ವಾಸಕೋಶ ಗೋಡೆಗೆ ತಾಗಿಯೇ ಇದೆ ಅಂತ ಅರ್ಥ.

ಎರಡನೇ ವರ್ಷದ ಪಿಜಿ, ಏಳು ವಾರದ ನಂತರ

ಎಲ್ಲರಿಗೂ ಮತ್ತೆ ನಮಸ್ಕಾರ. ಹೇಳಲೇಬೇಕು ಅನ್ನಿಸಿ ಬಂದೆ.

ಸೀನಿಯರ್ ಹತ್ತಿರ ಹೋಗಿ ವಾರಕ್ಕೆ ಅರ್ಧ ಗಂಟೆ ಕೇಳಿದೆ. ಅವರು ಗುರುವಾರ ಸಂಜೆ ಕೊಟ್ಟರು. ಇಲ್ಲಿಯ ತನಕ 38 ಶ್ವಾಸಕೋಶದ ಸ್ಕ್ಯಾನ್ ಆಗಿದೆ, ಎಲ್ಲವನ್ನೂ ಅವರು ನೋಡಿದ್ದಾರೆ. ಐದರಲ್ಲಿ ನನ್ನ ಓದು ತಪ್ಪಿತ್ತು. ಮೂರರಲ್ಲಿ ಸ್ಪ್ಲೀನನ್ನು ನೀರಿನ ಪಕ್ಕದ ಕುಗ್ಗಿದ ಶ್ವಾಸಕೋಶ ಅಂದುಕೊಂಡಿದ್ದೆ, ಡಯಾಫ್ರಮ್ ಎಲ್ಲಿದೆ ಅಂತ ಮೊದಲು ಹುಡುಕಿರಲಿಲ್ಲ. ಈಗ ಅದನ್ನು ಹುಡುಕದೆ ಮುಂದೆ ಹೋಗುವುದಿಲ್ಲ.

ಮೊನ್ನೆ ರಾತ್ರಿ ಐಸಿಯುನಲ್ಲಿ ಒಬ್ಬರಿಗೆ ಉಸಿರಾಟದ ಟ್ಯೂಬ್ ಹಾಕಿದೆವು. ಹಾಕಿದ ಸ್ವಲ್ಪ ಹೊತ್ತಿಗೆ ರಕ್ತದ ಆಕ್ಸಿಜನ್ ಸ್ಯಾಚುರೇಷನ್ ಇಳಿಯಲು ಶುರುವಾಯಿತು. ಪ್ರೋಬ್ ಇಟ್ಟೆ. ಬಲಗಡೆ ಜಾರುತ್ತಿತ್ತು. ಎಡಗಡೆ ನಿಂತುಬಿಟ್ಟಿತ್ತು. ಪಕ್ಕದಲ್ಲಿದ್ದವರು ನ್ಯುಮೋಥೊರಾಕ್ಸ್ ಇರಬೇಕು, ಸೂಜಿ ತರಲೇ ಅಂದರು. ನಾನು "ಒಂದು ನಿಮಿಷ" ಅಂದೆ. ಕಿರುಬೆರಳು ಊರಿ ಕೈ ಗಟ್ಟಿ ಮಾಡಿಕೊಂಡೆ. ಪ್ಲೂರಾದ ಗೆರೆ ಜಾರುತ್ತಿರಲಿಲ್ಲ, ಆದರೆ ಹೃದಯದ ಲಯಕ್ಕೆ ಸರಿಯಾಗಿ ಅದುರುತ್ತಿತ್ತು. ಲಂಗ್ ಪಲ್ಸ್. ಟ್ಯೂಬ್ ಎಷ್ಟು ಸೆಂಟಿಮೀಟರಿನಲ್ಲಿದೆ ಅಂತ ಕೇಳಿದೆ. ಜಾಸ್ತಿ ಒಳಗಿತ್ತು, ಬಲ ಶ್ವಾಸನಾಳಕ್ಕೆ ಹೋಗಿತ್ತು, ಎಡಗಡೆಗೆ ಗಾಳಿಯೇ ಹೋಗುತ್ತಿರಲಿಲ್ಲ. ಕನ್ಸಲ್ಟೆಂಟ್ ಅಲ್ಲೇ ಇದ್ದರು, ಅವರು ಟ್ಯೂಬನ್ನು ಮೆಲ್ಲಗೆ ಹಿಂದಕ್ಕೆ ಎಳೆದರು. ನಾನು ಪ್ರೋಬ್ ಎತ್ತಿರಲಿಲ್ಲ. ಮುಂದಿನ ಉಸಿರಿಗೆ ಎಡಗಡೆಯ ಗೆರೆ ಜಾರಲು ಶುರುವಾಯಿತು.

ಕೇಸ್ ಶೀಟಿನಲ್ಲಿ ಸಮಯ ಹಾಕಿ, ಯಾವ ಜಾಗ ನೋಡಿದೆ, ಏನು ಕಂಡೆ ಅಂತ ಬರೆದೆ. "ನಾರ್ಮಲ್" ಅಂತ ಎಲ್ಲೂ ಬರೆದಿಲ್ಲ ಮೇಡಂ. ಎರಡೂ ಕ್ಲಿಪ್ ಉಳಿಸಿದ್ದೇನೆ, ನಾಳೆ ಗುರುವಾರ.